ಓಡುವ ಕಾರಿನಲ್ಲಿ ಕೇಳಿಸದ ದನಿ

ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಮನೆಯ ಕರೆಂಟು ಹೋಯಿತು. ಅತ್ತೆಯವರ ಮಾತ್ರೆಗೆ ಹೊತ್ತಾಯಿತೇ ಎಂದು ನಾನು ಒಲೆಯ ಮೇಲಿನ ಗಡಿಯಾರ ನೋಡುತ್ತಿದ್ದೆ, ಕಣ್ಣೆದುರೇ ಅದು ಆರಿಹೋಯಿತು. ಕಿಟಕಿಯಾಚೆ ಒಣಹುಲ್ಲಿನ ಗುಡ್ಡದ ಹಿಂದಿನಿಂದ ಕಂದು ಹೊಗೆ ಏಳುತ್ತಿತ್ತು.

ವಾಲ್ನಟ್ ಕ್ರೀಕ್ ಪೇಟೆಯಿಂದ ಹತ್ತು ನಿಮಿಷ ಮೇಲೆ ಹತ್ತಿದರೆ ನಮ್ಮ ಮನೆ. ಇಳಿಯಲು ಎರಡೇ ದಾರಿ: ಬಲಕ್ಕೆ ಕಣಿವೆಯೊಳಗೆ ನುಗ್ಗಿ ಬೇಗ ಫ್ರೀವೇ ಸೇರುವುದು, ಇಲ್ಲವೇ ಎಡಕ್ಕೆ ಗುಡ್ಡ ಸುತ್ತಿ ಇಳಿಯುವುದು. ಬೆಂಕಿಯ ಭಯಕ್ಕೆಂದೇ ನನ್ನ ಗಂಡ ನಾಲ್ಕು ವರ್ಷದ ಹಿಂದೆ ಸ್ಕ್ಯಾನರ್ ತಂದಿದ್ದರು. ಅಂಗೈಯಗಲದ ರೇಡಿಯೋ ಅದು. ಅಗ್ನಿಶಾಮಕ ದಳದವರು ತಮ್ಮಲ್ಲಿ ಆಡಿಕೊಳ್ಳುವ ಮಾತು ಅದರಲ್ಲಿ ಕೇಳಿಸುತ್ತದೆ. ಬೆಂಕಿ ಎಲ್ಲಿದೆ, ಯಾವ ರಸ್ತೆ ಮುಚ್ಚಿದೆ ಎಂಬುದು ಫೋನಿಗಿಂತ ಮೊದಲೇ ತಿಳಿಯುತ್ತದೆ. ಪ್ರತಿ ಬೇಸಿಗೆಯ ಆರಂಭದಲ್ಲಿ ಒಂದು ಭಾನುವಾರ ಹಳೆಯ ಪೆಟ್ರೋಲ್ ಕಾರಿನಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಅವರು ಓಡಿಸುವುದು, ನಾನು ಕೇಳಿ ಹೇಳುವುದು. ಒಂದು ಮಾತೂ ತಪ್ಪುತ್ತಿರಲಿಲ್ಲ.

ಆ ದಿನ ನಾವು ಆ ಹಳೆಯ ಕಾರನ್ನು ಬಿಟ್ಟು ಹೊರಟೆವು. ಎಲೆಕ್ಟ್ರಿಕ್ ಕಾರು ಮನೆಗೆ ಬಂದು ಮೂರು ವಾರವಾಗಿತ್ತು.

"ಹೊಸಾದ್ನ ಬೆಂಕಿಗ್ ಬಿಟ್ಟು ಹಳೇದ್ನ ಎತ್ಕೊಂಡ್ ಹೋಗ್ತಾರೇನೋ ಯಾರಾದ್ರೂ?" ಎಂದರು ಹಾಸನದಿಂದ ಬಂದು ನಮ್ಮೊಂದಿಗಿದ್ದ ಅತ್ತೆ. "ಪೂಜೆ ಮಾಡಿದ್ ಅರಿಶಿನ ಇನ್ನೂ ಹಾಗೇ ಐತೆ ಅದ್ರ ಮೇಲೆ."

ನಾವಿಬ್ಬರೂ ಒಪ್ಪಿದೆವು. ಅದು ನಮ್ಮ ತಪ್ಪು, ಬೇರೆಯವರ ಮೇಲೆ ಹೊರಿಸುವುದಿಲ್ಲ. ಆದರೆ ಮುಂದೆ ಆದದ್ದು ನಮ್ಮ ತಪ್ಪಲ್ಲ.

ಕಾರು ಗೇಟು ದಾಟುತ್ತಲೇ ನನ್ನ ಕೈಯಲ್ಲಿದ್ದ ಸ್ಕ್ಯಾನರ್ ಕೆಟ್ಟಿತು ಎಂದುಕೊಂಡೆ. ಕಾದ ಎಣ್ಣೆಗೆ ಸಾಸಿವೆ ಹಾಕಿದಂಥ ಸಿಡಿತ. ನನ್ನ ಗಂಡ ವೇಗ ಹೆಚ್ಚಿಸಿದಂತೆ ಸಿಡಿತದ ಮೇಲೊಂದು ಗುಂಯ್ಗುಟ್ಟುವ ಸದ್ದು ಏರುತ್ತ ಹೋಯಿತು.

"ಏನಂತೆ? ಯಾವ ಕಡೆ ಹೋಗ್ಲಿ?"

"ಏನೂ ಕೇಳಿಸ್ತಿಲ್ಲ ರೀ."

"ವಾಲ್ಯೂಮ್ ಜಾಸ್ತಿ ಮಾಡು."

"ಮಾಡಿದ್ರೆ ಈ ಸದ್ದೇ ಜಾಸ್ತಿಯಾಗ್ತಿದೆ."

"ಚಾನೆಲ್ ಬದಲಾಯ್ತೇನೋ ನೋಡೇ."

"ಅಡುಗೆಮನೇಲಿ ಇದೇ ಚಾನೆಲ್ ಕೇಳಿಸ್ತಿತ್ತಲ್ಲ, ಈಗ ತಾನೆ!"

ಹಿಂದಿನ ಸೀಟಿನಿಂದ ಅತ್ತೆ, "ಆ ಡಬ್ಬ ಒಂದ್ ಕಡೆ ಇಡಮ್ಮ. ನೀನು ರೋಡ್ ನೋಡಿ ಓಡ್ಸೋ," ಎಂದರು.

ದಾರಿ ಕವಲೊಡೆಯುವಲ್ಲಿ ನನ್ನ ಗಂಡ ನಿಧಾನಿಸಿದರು. ನಮ್ಮ ಮುಂದಿದ್ದ ಪಿಕಪ್ ಟ್ರಕ್ಕು ಬಲಕ್ಕೆ, ಕಣಿವೆಯ ಕಡೆಗೆ ತಿರುಗಿ ಹೋಯಿತು. ಕಾರು ನಿಂತ ಕ್ಷಣ ಗುಂಯ್ ಎನ್ನುವುದು ಇಳಿಯಿತು. ಸಿಡಿತದ ನಡುವೆ ಹೆಂಗಸೊಬ್ಬಳ ದನಿ ಕಣಿವೆ ರಸ್ತೆಯ ಹೆಸರು ಹೇಳಿ ಮುಳುಗಿತು. ಆ ರಸ್ತೆ ತೆರೆದಿದೆ ಎಂದಳೋ, ಮುಚ್ಚಿದೆ ಎಂದಳೋ?

"ಕಾರು ಆಫ್ ಮಾಡ್ರೀ."

"ಹಿಂದೆ ಅಷ್ಟು ಕಾರು ನಿಂತಿವೆ, ಹೇಗೆ ಆಫ್ ಮಾಡ್ಲಿ? ಕಣಿವೇಲೇ ಹೋಗೋಣ, ಏಳು ನಿಮಿಷಕ್ಕೆ ಫ್ರೀವೇ."

ನಾನು ಬಾಗಿಲು ತೆಗೆದು ಇಳಿದೆ. ಸ್ಕ್ಯಾನರನ್ನು ಕಿವಿಗೊತ್ತಿಕೊಂಡು ರಸ್ತೆಯಂಚಿನ ಓಕ್ ಮರದವರೆಗೆ ಓಡಿದೆ. ಬೂದಿ ತಲೆಯ ಮೇಲೆ ಬೀಳುತ್ತಿತ್ತು. ಹಿಂದಿನ ಕಾರುಗಳ ಹಾರ್ನು, ನನ್ನನ್ನು ಕರೆಯುತ್ತಿದ್ದ ಅತ್ತೆ, ಯಾವುದನ್ನೂ ಲೆಕ್ಕಿಸಲಿಲ್ಲ. ಕಾರಿನಿಂದ ಇಪ್ಪತ್ತು ಹೆಜ್ಜೆ ದೂರವಾದದ್ದೇ ಆ ಹೆಂಗಸಿನ ದನಿ ಪಕ್ಕದಲ್ಲಿ ನಿಂತು ಮಾತಾಡಿದಷ್ಟು ಸ್ಪಷ್ಟವಾಯಿತು. ಬೆಂಕಿ ಕಣಿವೆ ರಸ್ತೆಯನ್ನು ದಾಟಿದೆ, ಯಾರನ್ನೂ ಒಳಗೆ ಬಿಡಬೇಡಿ, ಎಲ್ಲರನ್ನೂ ಎಡಕ್ಕೆ ತಿರುಗಿಸಿ. ಅವಳು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು. ಎಷ್ಟು ಹೊತ್ತಿನಿಂದ ಹೇಳುತ್ತಿದ್ದಳೋ.

ಹಿಂದಿದ್ದವರಿಗೆ ಕೈಬೀಸಿ ಎಡಕ್ಕೆ ತೋರಿಸಿದೆ. ಕಾರು ಹತ್ತುವಷ್ಟರಲ್ಲಿ ಆ ಪಿಕಪ್ ಹಿಮ್ಮುಖವಾಗಿಯೇ ಕಣಿವೆಯಿಂದ ಹೊರಗೆ ಬಂತು. ಅದರ ಒಂದು ಪಕ್ಕದ ಬಣ್ಣ ಬೊಬ್ಬೆಯೆದ್ದಿತ್ತು. ಓಡಿಸುತ್ತಿದ್ದವನು ನಮ್ಮತ್ತ ನೋಡಿದ. ಅವನ ಬಾಯಿ ತೆರೆದೇ ಇತ್ತು. ಆಮೇಲೆ ರಾತ್ರಿ ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದುದು ಬೆಂಕಿಯಲ್ಲ, ಆ ಮುಖ. ನಾನು ಇಳಿಯದೇ ಹೋಗಿದ್ದರೆ ಅವನ ಹಿಂದೆ ನಾವಿರುತ್ತಿದ್ದೆವು. ಅವನಿಗೆ ಹಿಂದಕ್ಕೆ ಬರಲು ಜಾಗವೂ ಇರುತ್ತಿರಲಿಲ್ಲ.

ಫೋನಿಗೆ ಎಚ್ಚರಿಕೆ ಬಂದದ್ದು ಐದು ಗಂಟೆಗೆ. ಆಗ ನಾವು ಕೆಳಗಿನ ಶಾಲೆಯೊಂದರ ಜಿಮ್ಮಿನಲ್ಲಿ, ಮನೆ ಬಿಟ್ಟು ಬಂದವರ ನಡುವೆ ಕೂತು ಯಾರೋ ಕೊಟ್ಟ ಬಾಳೆಹಣ್ಣು ತಿನ್ನುತ್ತಿದ್ದೆವು.

ಮನೆ ಉಳಿಯಿತು. ಬೆಂಕಿ ಆರಿದ ವಾರ ಕಾರು ಮಾರಿದವರ ಸರ್ವಿಸ್ ವಿಭಾಗಕ್ಕೆ ಹೋದೆವು. ನನ್ನ ಗಂಡ ಪೆಡಲ್ ಒತ್ತಿದರು, ನಾನು ಮೇಲ್ವಿಚಾರಕನ ಕಿವಿಯ ಬಳಿ ಸ್ಕ್ಯಾನರ್ ಹಿಡಿದೆ. ಅವನು ಸದ್ದು ಕೇಳಿ ನಕ್ಕ. ಕಾರಿನಲ್ಲಿ ದೋಷವೇನೂ ಇಲ್ಲ, ಎಲೆಕ್ಟ್ರಿಕ್, ಹೈಬ್ರಿಡ್ ಎಲ್ಲವೂ ಅಷ್ಟೇ ಎಂದ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಒಗ್ಗಿಸುವ ಯಂತ್ರ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಕೊಡುತ್ತದಂತೆ. ಹಾಗೆ ಕಡಿಯುವುದೇ ರೇಡಿಯೋಗೆ ಗಲಾಟೆಯಾಗಿ ಕೇಳುತ್ತದಂತೆ.

"ಹಾಗಾದರೆ ಮಾರುವಾಗ ಯಾಕೆ ಹೇಳಲಿಲ್ಲ?" ಎಂದೆ.

"ಮೇಡಂ, ಈ ಕಾಲದಲ್ಲಿ ಸ್ಕ್ಯಾನರ್ ಯಾರು ಬಳಸುತ್ತಾರೆ?"

ನಾನು ಬಳಸುತ್ತೇನೆ. ಕರೆಂಟು ಹೋಗಿ ಫೋನಿನ ಟವರುಗಳು ಸತ್ತ ಗುಡ್ಡದಲ್ಲಿ ಇನ್ನೇನು ಬಳಸಲಿ? ಬಾಗಿಲಿನ ದೀಪದ ಬಣ್ಣ ಬದಲಿಸುವುದು ಹೇಗೆಂದು ಆ ಕಾರಿನ ಕೈಪಿಡಿಯಲ್ಲಿ ಎರಡು ಪುಟವಿದೆ. ಇದರ ಬಗ್ಗೆ ಒಂದು ಸಾಲಿಲ್ಲ. ಸದ್ದು ಬರುತ್ತದೆಂದು ಕೆಲವು ಕಂಪನಿಗಳು ಎಲೆಕ್ಟ್ರಿಕ್ ಕಾರುಗಳಿಂದ ಎಎಂ ರೇಡಿಯೋವನ್ನೇ ಕಿತ್ತುಹಾಕಿದ್ದವು. ಅಂದರೆ ವಿಷಯ ಅವರಿಗೆ ಗೊತ್ತಿತ್ತು. ತಮ್ಮ ರೇಡಿಯೋಗೆ ಕೆಟ್ಟ ಹೆಸರು ಬರಬಾರದೆಂಬ ಎಚ್ಚರವಿತ್ತು, ನಮ್ಮ ಕೈಯಲ್ಲಿನ ರೇಡಿಯೋ ಬಗ್ಗೆ ಯೋಚನೆ ಇರಲಿಲ್ಲ. ಓಡಿದರೆ ಕೇಳಿಸುವುದಿಲ್ಲ, ಕೇಳಬೇಕಾದರೆ ನಿಲ್ಲಬೇಕು. ಬೆಂಕಿ ಬಂದಾಗ ಯಾರು ನಿಲ್ಲುತ್ತಾರೆ?

ಉಪಾಯ ಹೇಳಿದ್ದು ನಮ್ಮ ರಸ್ತೆಯ ಕೊನೆಯ ಮನೆಯ ಮುದುಕರು. ಹವ್ಯಾಸಕ್ಕೆ ರೇಡಿಯೋ ಇಟ್ಟುಕೊಂಡವರು. ಆಂಟೆನಾ ಕಾರಿನ ಹೊರಗಿರಲಿ, ಮೋಟಾರಿನಿಂದ ದೂರವಿರಲಿ, ಸ್ಕ್ಯಾನರ್ ತನ್ನದೇ ಬ್ಯಾಟರಿಯಲ್ಲಿ ನಡೆಯಲಿ ಎಂದರು. ಮೇಲ್ಛಾವಣಿ ಪೂರ್ತಿ ಗಾಜು, ಅಯಸ್ಕಾಂತದ ಆಂಟೆನಾ ಅಂಟಲಿಲ್ಲ. ಡಿಕ್ಕಿಯ ಮುಚ್ಚಳದ ಮೇಲೆ ಕೂರಿಸಿದೆವು. ಮೊದಲ ತಂತಿಯೇ ಸದ್ದನ್ನು ಹೀರಿ ಒಳಗೆ ತಂದಿತು. ಬೇರೆ ದಾರಿಯಲ್ಲಿ ಎಳೆದು, ಅದಕ್ಕೊಂದು ಸದ್ದು ತಡೆಯುವ ಕಪ್ಪು ಉಂಗುರ ಸಿಕ್ಕಿಸಿ, ಮತ್ತೆ ಬದಲಿಸಿ, ಎರಡು ತಿಂಗಳು ಕಳೆಯಿತು. ಅಷ್ಟೂ ದಿನ ಸ್ಕ್ಯಾನರ್ ನನ್ನ ದಿಂಬಿನ ಪಕ್ಕದಲ್ಲೇ ಇತ್ತು. ರಾತ್ರಿ ಗಂಟೆಗೊಮ್ಮೆ ಎದ್ದು ಕಿಟಕಿಯ ಬಳಿ ಹೋಗಿ ಗುಡ್ಡ ನೋಡುತ್ತಿದ್ದೆ.

ನವೆಂಬರಿನ ಒಂದು ಶನಿವಾರ ಬೆಳಗ್ಗೆ ಕಣಿವೆ ರಸ್ತೆಯಲ್ಲಿ ಕೊನೆಯವರೆಗೆ ಹೋದೆವು. ಎರಡೂ ಬದಿ ಇನ್ನೂ ಕರ್ರಗಿತ್ತು. ಏರಿನಲ್ಲಿ ಅವರು ಪೆಡಲನ್ನು ಪೂರ್ತಿ ಒತ್ತಿದರು. ಸಿಡಿತ ತೆಳ್ಳಗೆ ಹಿಂದೆ ಉಳಿಯಿತು. ಅದರ ಮೇಲೆ, ಎಲ್ಲೋ ರಸ್ತೆಗೆ ಬಿದ್ದ ಕೊಂಬೆಯ ಬಗ್ಗೆ ಇಬ್ಬರು ಆಡಿಕೊಂಡ ಮಾತು ಅಕ್ಷರ ಅಕ್ಷರವಾಗಿ ಕೇಳಿಸಿತು.

"ಏನಂತೆ?" ಎಂದು ಕೇಳಿದರು.

ಎಲ್ಲವನ್ನೂ ಹೇಳಿದೆ. ಕೊಂಬೆಯ ಗಾತ್ರವನ್ನೂ.

ಆ ರಾತ್ರಿ ಮಲಗಿದವಳು ಒಮ್ಮೆಯೂ ಏಳಲಿಲ್ಲ. ಭಾನುವಾರ ಎಂಟು ಗಂಟೆಗೆ ಕಣ್ಣು ಬಿಟ್ಟಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಉಸಿರಾಡ್ತಿದ್ದೀಯೋ ಇಲ್ವೋ ಅಂತ ಎರಡ್ ಸಲ ಬಂದ್ ನೋಡ್ದೆ ಕಣಮ್ಮ," ಎಂದರು.