ಸೋತವಳ ಎಲೆ

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತು ಜೋಡಿಸಲೂ ಬಾರದು, ಕ್ಷಮಿಸಬೇಕು. ಮನೆಗೆಲಸಕ್ಕೆಂದು ಸುಭಾಸ ಮಾವ ನನ್ನನ್ನು ಒಂಬತ್ತನೆಯ ತರಗತಿಗೇ ಶಾಲೆ ಬಿಡಿಸಿದ. ಇದು ಅವನ ತಾಯಿ, ನನ್ನ ಅಜ್ಜಿ, ನೇಸರಗಿಯ ಗುರುಬಸವ್ವನ ಸಂಗತಿ.

ಅಜ್ಜಿ ಅಮೆರಿಕದ ಚುನಾವಣೆಯ ಸುದ್ದಿಯನ್ನು ಮೊಬೈಲಿನಲ್ಲಿ ಹಚ್ಚಿಸಿಕೊಂಡು ಕೂರುತ್ತಾಳೆ. "ನಿಮ್ಮ ವೋಟು ನೇಸರಗ್ಯಾಗ ಐತ್ರಿ ಆಯಿ, ಅಲ್ಲಿ ಯಾರ ಬಂದ್ರೇನು?" ಎಂದು ಪಕ್ಕದ ಮನೆಯ ನಾಸಿರ ಕಾಡುತ್ತಾನೆ. ಈ ಸಲ ಅಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಮಾವ ನನ್ನ ಕಡೆ ಕೈ ಮಾಡಿ ನಗುತ್ತ, "ಆಕಿ ಗೆದ್ರ ಇಕಿನ್ನ ಮತ್ತ ಸಾಲಿಗೆ ಕಳಸತೇನಿ" ಎಂದ. ಅಜ್ಜಿ ನಗಲಿಲ್ಲ.

ನವರಾತ್ರಿಯಲ್ಲಿ ದೇವರ ಮುಂದೆ ಪತ್ರಾವಳಿ ಎಲೆಯ ಮೇಲೆ ಮಣ್ಣು ಹಾಕಿ, ಕಾಳು ಬಿತ್ತಿ, ಮೊಳಕೆ ನೋಡಿ ಆ ವರ್ಷದ ಬೆಳೆ ಹೇಗೆಂದು ಹೇಳುವುದು ನಮ್ಮ ಪದ್ಧತಿ. ಅಜ್ಜಿ ಅಮೆರಿಕದ ಇಬ್ಬರ ಹೆಸರಿನಲ್ಲೂ ಒಂದೊಂದು ಎಲೆಯಲ್ಲಿ ಕಾಳು ಬಿತ್ತಿದಳು. ಗಂಡಸಿನದು ಒತ್ತಾಗಿ ಬೆಳೆಯಿತು. ಹೆಣ್ಣುಮಗಳದರಲ್ಲಿ ಒಂದು ಕಾಳೂ ಮೊಳೆಯಲಿಲ್ಲ. ಹಬ್ಬ ಮುಗಿದ ಮೇಲೆ ಬೆಳೆದದ್ದನ್ನು ಬಾವಿಗೆ ಬಿಟ್ಟೆವು. ಮೊಳೆಯದ ಎಲೆಯನ್ನು ಅಜ್ಜಿ ಕತ್ತಲಕೋಣೆಯಲ್ಲಿಟ್ಟಳು. ಅದಕ್ಕೆ ಯಾರೂ ನೀರು ಹಾಕಲಿಲ್ಲ.

ನವೆಂಬರಿನಲ್ಲಿ ಅಮೆರಿಕದ ಆ ಹೆಣ್ಣುಮಗಳು ಸೋತಳು. "ಮುಗೀತಲ್ಲ, ಸಾಲಿ ಮಾತು ಬಿಡು" ಎಂದ ಮಾವ. ನಾನು ಜೋಳ ತರಲು ಆ ಕತ್ತಲಕೋಣೆಗೆ ಹೋದೆ. ಆ ಎಲೆಯ ಒಣಮಣ್ಣಿನಲ್ಲಿ ಗೇಣುದ್ದದ ಬಿಳಿ ಮೊಳಕೆಗಳು ಎದ್ದು ನಿಂತಿದ್ದವು. ಗಾಳಿ ಇರಲಿಲ್ಲ. ಆದರೂ ನಾನು ಸರಿದ ಕಡೆಗೆಲ್ಲ ಅವು ಬಾಗಿದವು.

ಹಿಂದೆಯೇ ಬಂದ ಅಜ್ಜಿ ದಸರೆಯಲ್ಲಿ ಮುಡಿಸುವಂತೆ ಒಂದನ್ನು ಕಿತ್ತು ನನ್ನ ಜಡೆಗೆ ಸಿಕ್ಕಿಸಿದಳು. "ಸೋತ್ರೂ ಎದ್ದಾಳ ನೋಡವಾ." ಮೊಳಕೆ ತಣ್ಣಗಿತ್ತು.

ಅಜ್ಜಿಯ ಹಿಂದೆ ಬಂದ ಮಾವ ಬಾಗುವ ಮೊಳಕೆಗಳನ್ನು ಕಂಡು ಹೊಸ್ತಿಲು ದಾಟಲಿಲ್ಲ. "ಸಾಲಿಗೆ ಕಳಸತೇನಬೇ, ಮದಲ ಅದನ್ನ ಮುಚ್ಚು" ಎಂದ.

ಸೋಮವಾರ ಶಾಲೆಗೆ ಹೋಗಿ ಹೆಸರು ಹಚ್ಚಿಸುತ್ತೇನೆ.