ಎಲ್ಪಿದಿಯಾಳ ಪೊರಕೆ

ನಮ್ಮ ಓಹಾಕಾ ಬೆಟ್ಟದ ಊರುಗಳಲ್ಲಿ ಹಬ್ಬದಡುಗೆಯ ದಿನ ಕುರ್ಚಿ ಸಿಗುವುದು ನೆಂಟರಿಗೆ. ಊರಿನ ಹೆಂಗಸರಾದ ನಮಗೆ ಮೆಕ್ಕೆಜೋಳ ಅರೆದು ರೊಟ್ಟಿ ತಟ್ಟುವುದರಲ್ಲಿ ಕೂರಲು ಪುರುಸೊತ್ತೆಲ್ಲಿ? ಎಲ್ಪಿದಿಯಾ ಓದು ಮುಗಿಸಿ ಊರಿಗೆ ಮರಳಿದಾಗ ಅವಳಿಗೆ ಕುರ್ಚಿ ಹಾಕಿದವಳು ನಾನೇ. ಜೊತೆಯಲ್ಲಿ ಆಡಿ ಬೆಳೆದವಳಿಗೆ ಕುರ್ಚಿ! ನೆನೆದರೆ ಈಗಲೂ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತದೆ.

ಹದಿನಾಲ್ಕು ವರ್ಷಕ್ಕೇ ಪಟ್ಟಣದ ಮನೆಗೆಲಸಕ್ಕೆ ಹೋದವಳು ಅವಳು. ಅಲ್ಲಿ ಸಂಜೆ ಶಾಲೆ, ಆಮೇಲೆ ವಿಶ್ವವಿದ್ಯಾಲಯ. ಮುನ್ನೂರು ವರ್ಷದ ಹಿಂದೆ ನಮ್ಮ ಹಿರಿಯರು ನಮ್ಮ ಝಾಪೊಟೆಕ್ ಮಾತಿನಲ್ಲೇ ಬರೆಸಿಟ್ಟ ಉಯಿಲುಗಳನ್ನು ಹುಡುಕಿ ಓದುವುದೇ ಅವಳ ಕಸುಬಾಯಿತು. ನಲವತ್ತಾರಕ್ಕೆ ಡಾಕ್ಟರೇಟ್ ಪಡೆದು ಬಂದು, ತೀರಿಹೋದ ಅಮ್ಮನ ಮನೆಯ ಬಾಗಿಲು ತೆಗೆದು ನೆಲೆಯೂರಿದಳು. ಊರೆಲ್ಲ ಡಾಕ್ಟ್ರಮ್ಮ ಎಂದು ಕರೆಯತೊಡಗಿತು. ಇಬ್ಬರು ಮುದುಕಿಯರಂತೂ ಮಂಡಿನೋವಿಗೆ ಔಷಧಿ ಕೇಳಿಕೊಂಡು ಹೋದರು.

ಅವಳಿಗೆ ಬೇಕಾಗಿದ್ದುದೇ ಬೇರೆ. ಊರವರು ಅನ್ನಿಸಿಕೊಳ್ಳಬೇಕಾದರೆ ನಮ್ಮಲ್ಲಿ ಸರದಿಯಂತೆ ಊರ ಚಾಕರಿ ಮಾಡಬೇಕು. ಮೊದಲ ಚಾಕರಿ ಎಂದರೆ ಒಂದು ವರ್ಷ ಪಂಚಾಯಿತಿ ಅಂಗಳ ಗುಡಿಸುವುದು, ಶಂಖ ಊದಿ ಸಭೆಗೆ ಜನರನ್ನು ಕರೆಯುವುದು. ಎರಡು ವರ್ಷ ಕಳೆದರೂ ಅವಳ ಹೆಸರನ್ನು ಯಾರೂ ಕೂಗಲಿಲ್ಲ. ಒಂದು ದಿನ ನನ್ನ ಬ್ರೆಡ್ಡಿನ ಒಲೆಯ ಮುಂದೆ ಕೂತು, "ನನ್ನನ್ನ ನೆಂಟರ ಲೆಕ್ಕಕ್ಕೆ ಸೇರಿಸಿಬಿಟ್ರಲ್ಲೇ" ಎಂದು ಅತ್ತುಬಿಟ್ಟಳು.

ಆ ಭಾನುವಾರ ಊರಸಭೆಯಲ್ಲಿ ಒಂದು ಉಯಿಲು ಓದಿ ಹೇಳಲು ಅವಳನ್ನು ಕರೆದಿದ್ದರು. ಆ ಹಳೇ ಕಾಲದ ನಮ್ಮೂರಿನ ಹೆಂಗಸೊಬ್ಬಳು ಸಾಯುವ ಮುಂಚೆ ಬರೆಸಿದ್ದು. ಅರೆಯುವ ಕಲ್ಲು ಮಗಳಿಗಂತೆ, ಕೋಳಿಗಳು ಸೊಸೆಗಂತೆ, ಆದರೆ ಮೊಟ್ಟೆಯಿಡುವ ಕಪ್ಪು ಕೋಳಿ ಮಾತ್ರ ಮಗಳಿಗೇ ಅಂತೆ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಕೊನೆಯ ಸಾಲನ್ನು ಎಲ್ಪಿದಿಯಾ ಎರಡು ಸಲ ಓದಿದಳು. "ನಾನು ಗುಡಿಸುತ್ತಿದ್ದ ಊರ ಅಂಗಳವನ್ನು ಇನ್ನು ನನ್ನ ಮಗಳು ಗುಡಿಸಲಿ" ಎಂದಿತ್ತು ಅಲ್ಲಿ.

ಸಭೆಯ ಹಿರಿಯರಾದ ಫೋರ್ತಿನೋ ತಾತ, "ಚೆನ್ನಾಗಿ ಓದಿದ್ರಿ ಡಾಕ್ಟ್ರಮ್ಮ, ಕೂತ್ಕೊಳ್ಳಿ" ಎಂದರು.

"ಕೂರಲ್ಲ ತಾತ. ಚಾಕರಿ ಪಟ್ಟೀಲಿ ನನ್ನ ಹೆಸರು ಯಾಕಿಲ್ಲ?"

ತಾತ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಇಷ್ಟು ಓದಿದೋರ ಕೈಗೆ ಪೊರಕೆ ಹೆಂಗಮ್ಮ ಕೊಡೋದು?"

"ಈ ಅಮ್ಮ ಗುಡಿಸಿದ ಅಂಗಳ ತಾನೇ ಅದು? ಕೊಡಿ ತಾತ, ನಾನೂ ಗುಡಿಸ್ತೀನಿ."

ಮೊದಲು ಎತ್ತಿದ ಕೈ ನನ್ನದು, ಹಿಟ್ಟು ಮೆತ್ತಿದ ಕೈ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು.

ಹೊಸ ವರ್ಷದ ದಿನ ಅವಳ ಚಾಕರಿ ಶುರುವಾಯಿತು. ಮೂರನೇ ದಿನವೇ ತಡ ಮಾಡಿದಳು. ನಾನು ಬ್ರೆಡ್ ಬುಟ್ಟಿ ಹೊತ್ತು ಹಾದುಹೋಗುತ್ತಿದ್ದೆ. ಫೋರ್ತಿನೋ ತಾತ ಪಂಚಾಯಿತಿ ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಬೈದರು: "ಏನೇ ಎಲ್ಪಿದಿಯಾ, ಇಷ್ಟೊತ್ತಿಗಾ ಬರೋದು? ಅಂಗಳ ನಿಮ್ಮಪ್ಪ ಬಂದು ಗುಡಿಸ್ತಾನೇನೇ?"

ಅವಳು ತಲೆ ತಗ್ಗಿಸಿಕೊಂಡು ಪೊರಕೆ ಹಿಡಿದಳು. ಅಂಗಳದ ಆ ತುದಿ ಮುಟ್ಟಿದರೂ ಅವಳ ನಗು ನಿಂತಿರಲಿಲ್ಲ.