ಜಂಪ್‌ಸೀಟಿನ ಎದುರಿನ ಬಾಗಿಲು

ವಿಮಾನದಲ್ಲಿ ದೆವ್ವ ಕಂಡೆ ಎನ್ನುವ ಸಹೋದ್ಯೋಗಿಗಳು ಎಲ್ಲ ಕಂಪನಿಯಲ್ಲೂ ಒಬ್ಬಿಬ್ಬರು ಇರುತ್ತಾರೆ. ಪಾಪ, ನಿದ್ದೆ ಸಾಲುತ್ತಿಲ್ಲ ಎಂದುಕೊಂಡು ನಾನು ಸುಮ್ಮನಾಗುತ್ತಿದ್ದೆ. ಒಂಬತ್ತು ವರ್ಷದಿಂದ ಕ್ಯಾಬಿನ್ ಕ್ರೂ ಆಗಿರುವ ನನಗೆ, ನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನದ ನಂತರ ಅಂಥವರ ಮಾತನ್ನು ತಳ್ಳಿಹಾಕುವ ಧೈರ್ಯ ಉಳಿದಿಲ್ಲ.

ನನ್ನ ಕೆಲಸ ಶುರುವಾಗಿ ಮುಗಿಯುವುದು ಸಿಡ್ನಿಯಲ್ಲಿ, ಮನೆ ಮೆಲ್ಬರ್ನ್‌ನ ಟ್ರುಗನಿನಾದಲ್ಲಿ. ಡ್ಯೂಟಿ ಮುಗಿಸಿ ಮನೆ ಸೇರಲು ಆಗಾಗ ಬೇರೆ ಕಂಪನಿಯ ವಿಮಾನ ಹತ್ತಬೇಕು. ಸೀಟೆಲ್ಲ ತುಂಬಿದ್ದು ಕ್ಯಾಪ್ಟನ್ ಒಪ್ಪಿದರೆ, ಸಿಬ್ಬಂದಿ ಕೂರುವ ಮಡಚು ಸೀಟು, ಅಂದರೆ ಜಂಪ್‌ಸೀಟು, ಸಿಗುತ್ತದೆ. ಅಲ್ಲಿ ನಾವು ಬೇರೆಯವರ ಮನೆಗೆ ಬಂದ ನೆಂಟರಿದ್ದಂತೆ. ನಿದ್ದೆ ಮಾಡಬಾರದು, ತಿನ್ನಲು ಕೇಳಬಾರದು, ಅವರ ಕೆಲಸದಲ್ಲಿ ಬಾಯಿ ಹಾಕಬಾರದು. ನಮ್ಮವಳೊಬ್ಬಳು, ಅವರು ಟ್ರಾಲಿ ಇಟ್ಟ ರೀತಿ ಸರಿಯಿಲ್ಲ ಎಂದು ಹೇಳಿ ಹೆಸರು ಕೆಡಿಸಿಕೊಂಡಿದ್ದಳು. ಆಮೇಲೆ ಆ ಕಂಪನಿಯಲ್ಲಿ ಆಕೆಗೆ ಜಾಗವೇ ಸಿಗಲಿಲ್ಲ.

ಆ ದಿನ ನನಗೆ ಸಿಕ್ಕಿದ್ದು ಹಿಂಬದಿಯ ಜಂಪ್‌ಸೀಟು. ಪಕ್ಕದಲ್ಲಿ ಹೆಲೆನ್ ಎಂಬ ಹಿರಿಯ ಸಿಬ್ಬಂದಿ, ಎದುರಿಗೆ ಕೈಗೆಟುಕುವಷ್ಟು ಹತ್ತಿರ ಟಾಯ್ಲೆಟ್ ಬಾಗಿಲು. ವಿಮಾನ ಮೆಲ್ಬರ್ನ್‌ನಲ್ಲಿ ಇಳಿಯುವ ಮುಂಚೆ ಹೆಲೆನ್ ಒಳಗೆ ಇಣುಕಿ ನೋಡಿ, ಲಾಕ್ ಮಾಡಿ ಬಂದು ಬೆಲ್ಟ್ ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ಆ ಬಾಗಿಲನ್ನು ಒಳಗಿನಿಂದ ಯಾರೋ ತಟ್ಟಿದರು. ಹಿಂದೆಯೇ ಮಾತು ಕೇಳಿಸಿತು: "ಬಾಗಲಾ ತಗಿಯವಾ. ಉಸಿರು ಹಿಡದಂಗ ಆಗೇತಿ."

ನನ್ನ ಅತ್ತೆಯ ದನಿ. ಅವರು ಹುಬ್ಬಳ್ಳಿಯಿಂದ ನಮ್ಮ ಮನೆಗೆ ಬಂದು ಎರಡು ತಿಂಗಳಾಗಿತ್ತು; ಹಗಲು ಮನೆಯಲ್ಲಿ ಒಬ್ಬರೇ ಇರುತ್ತಿದ್ದರು.

"ಒಳಗೆ ಯಾರೋ ಇದ್ದಾರೆ," ಎಂದೆ.

"ಇಲ್ಲ, ನಾನೇ ನೋಡಿ ಲಾಕ್ ಮಾಡಿದ್ದು," ಎಂದರು ಹೆಲೆನ್.

ಮತ್ತೆ ತಟ್ಟಿದ ಸದ್ದು. "ನಿಮಗೆ ಕೇಳಿಸ್ತಿಲ್ವಾ?" ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ನಿಮಗೆ ಸುಸ್ತಾಗಿದೆ. ದಯವಿಟ್ಟು ಕೂತಿರಿ."

ನನ್ನ ಕೈ ಬೆಲ್ಟಿನ ಬಕಲ್ ಮೇಲಿತ್ತು. ಇಳಿಯುವ ಹೊತ್ತಿನಲ್ಲಿ ಎದ್ದ ಎಷ್ಟೋ ಪ್ರಯಾಣಿಕರನ್ನು ಗದರಿಸಿ ಕೂರಿಸಿದವಳು ನಾನು. ಈಗ ನಾನೇ ಎದ್ದರೆ? ಫೋನ್ ಬ್ಯಾಗಿನಲ್ಲಿ, ಬ್ಯಾಗು ಮೇಲಿನ ಲಾಕರಿನಲ್ಲಿ. ಬೆಲ್ಟಿನ ಪಟ್ಟಿಗಳು ಎರಡೂ ಹೆಗಲನ್ನು ಹಿಡಿದು ಕೂರಿಸಿದ್ದವು. ಒಂದು ಮೊಳದಾಚೆ ಅತ್ತೆ ಕರೆಯುತ್ತಲೇ ಇದ್ದರು. ದನಿ ಕುಗ್ಗುತ್ತ ಬಂದು, ಕೊನೆಗೆ ಉಗುರಿನಿಂದ ಕೆರೆಯುವ ಸದ್ದು ಮಾತ್ರ ಉಳಿಯಿತು. ಹತ್ತು ನಿಮಿಷವಿದ್ದೀತು. ಚಕ್ರ ನೆಲ ಮುಟ್ಟಿದಾಗ ಅದೂ ನಿಂತಿತು.

ವಿಮಾನ ನಿಂತ ಮೇಲೆ ನಾನು ಕೇಳದೆಯೇ ಹೆಲೆನ್ ಬಾಗಿಲು ತೆಗೆದು ತೋರಿಸಿದರು. ಒಳಗೆ ಯಾರೂ ಇರಲಿಲ್ಲ.

ಕೂಡಲೇ ಗಂಡನಿಗೆ ಫೋನ್ ಮಾಡಿ, ಈಗಲೇ ಮನೆಗೆ ಹೋಗಿ ಅತ್ತೆಯನ್ನು ನೋಡಿ ಎಂದೆ. ಅವರು ಕೆಲಸ ಮಾಡುವ ಗೋದಾಮು ಮನೆಗೆ ಹತ್ತಿರ. ಯಾಕೆ ಏನು ಎಂದು ಕೇಳದೆ ಹೋದರು. ಮನೆಯ ಬಾತ್‌ರೂಮಿನ ಚಿಲಕ ಸಿಕ್ಕಿಹಾಕಿಕೊಂಡಿತ್ತು. ಒಡೆದು ನೋಡಿದರೆ ಬಾಗಿಲಿಗೊರಗಿ ಅತ್ತೆ ಎಚ್ಚರ ತಪ್ಪಿ ಬಿದ್ದಿದ್ದರು. ಶುಗರ್ ತೀರಾ ಇಳಿದಿತ್ತು, ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಮಾರನೆಯ ದಿನ ಆಸ್ಪತ್ರೆಯಲ್ಲಿ ಅವರ ಕೈ ಹಿಡಿದು ಕೂತಿದ್ದೆ. "ನೀವು ಒದರಿದ್ದು ನನಗ ಕೇಳಿಸ್ತು ಅತ್ತಿ," ಎಂದೆ.

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. "ನಾ ಎಲ್ಲಿ ಒದರೀನಿ? ಮಂದಿ ಊರಾಗ ಒದರಿದ್ರ ಏನಂದಾರು ಅಂತ, ಬಾಗಲಾ ಸೈತ ಬಡೀಲಿಲ್ಲ. ಯಾರರ ಬರತಾರ ಅಂತ ಬಾಯಿ ಮುಚಗೊಂಡು ಕುಂತಿದ್ದೆ."

ಅತ್ತೆ ಸುಳ್ಳು ಹೇಳುವವರಲ್ಲ. ಹಾಗಾದರೆ ಅಷ್ಟು ಹೊತ್ತು ನನ್ನನ್ನು ಕರೆದದ್ದು ಯಾರು? ಇವತ್ತಿಗೂ ನನಗೆ ಗೊತ್ತಿಲ್ಲ.